ತೆಳು ತಗಡಿಗೆ ಯಾವ ವೆಲ್ಡಿಂಗ್ ಮೆಷಿನ್? ಮೂರರಲ್ಲೂ ಕೆಲಸ ಮಾಡಿ ನೋಡಿದ್ದು

ಅಪ್ಪನ ಪ್ರೀಮಿಯರ್ ಪದ್ಮಿನಿ ಮೂಡಿಗೆರೆಯ ನಮ್ಮ ಶೆಡ್ಡಿನಲ್ಲಿ ಹತ್ತು ಮಳೆಗಾಲ ನಿಂತೇ ಕಳೆದಿತ್ತು. ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಿದರೆ ನೆಲದ ಮಣ್ಣು ಕಾಣುತ್ತಿತ್ತು. ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿದ ಕಡೆಯೆಲ್ಲ ತಗಡು ಹಪ್ಪಳದ ಹಾಗೆ ಮುರಿಯಿತು. ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ 20 ಗೇಜ್ ಶೀಟಿನ ಪ್ಯಾಚ್ ಕೂರಿಸಬೇಕಿತ್ತು. ಅಂದರೆ ಸುಮಾರು 0.9 ಎಂಎಂ. ಈ ದಪ್ಪವೇ ಎಲ್ಲವನ್ನೂ ತೀರ್ಮಾನಿಸುತ್ತದೆ.

ಮೊದಲು ಹಿಡಿದದ್ದು ಮನೆಯಲ್ಲಿದ್ದ ಆರ್ಕ್ ಮೆಷಿನ್. ಎರಡೂವರೆ ಎಂಎಂ ರಾಡ್. ಕರೆಂಟ್ ಇಳಿಸಿದರೆ ರಾಡ್ ಅಂಟಿಕೊಳ್ಳುತ್ತದೆ, ಏರಿಸಿದರೆ ತಗಡು ತೂತಾಗುತ್ತದೆ. ಒಂದು ತೂತು ಮುಚ್ಚಲು ಹೋಗಿ ಎರಡು ಮಾಡಿದೆ. ಹಾಗಂತ ಅದನ್ನು ಮಾರಬೇಡಿ. ತೋಟದ ಗೇಟು, ಜೀಪಿನ ಚಾಸಿ ಬ್ರಾಕೆಟ್‌ನಂಥ ದಪ್ಪ ಕಬ್ಬಿಣಕ್ಕೆ ಅದೇ ಸರಿ.

ಹಾಸನದ ಗೆಳೆಯನಿಂದ ತಂದದ್ದು ಗ್ಯಾಸ್ ಬೇಡದ ಮಿಗ್, ಅಂದರೆ ರಾಡ್ ಬದಲು ಸುರುಳಿಯ ತಂತಿಯನ್ನು ತಾನೇ ತಳ್ಳುತ್ತಾ ಹೋಗುವ ಮೆಷಿನ್. ತಂತಿಯೊಳಗೇ ವೆಲ್ಡ್‌ಗೆ ಗಾಳಿ ತಾಗದಂತೆ ಕಾಯುವ ಫ್ಲಕ್ಸ್ ಪುಡಿ ಇರುತ್ತದೆ, ಸಿಲಿಂಡರ್ ಹೊರುವ ಕಷ್ಟವಿಲ್ಲ. ಗಾಳಿಯಿದ್ದರೂ ಅಂಗಳದಲ್ಲೇ ಕೆಲಸ ಮಾಡಬಹುದು. ಮೊದಲ ದಿನ ಕಿಡಿ ಎರಚಾಡಿತು, ಗೆರೆ ಗಂಟುಗಂಟಾಯಿತು. ಆಮೇಲೆ ನೋಡಿದರೆ ಕನೆಕ್ಷನ್ ಬದಲಿಸಿರಲಿಲ್ಲ. ಈ ತಂತಿಗೆ ಟಾರ್ಚ್, ಅಂದರೆ ತಂತಿ ಹೊರಬರುವ ಹಿಡಿ, ನೆಗೆಟಿವ್‌ಗೆ ಹೋಗಬೇಕು. ಸರಿಮಾಡಿದ ಮೇಲೆ ಎಷ್ಟೋ ವಾಸಿ. ಆದರೂ ತೆಳು ತಗಡಿಗೆ ಬಿಸಿ ಜಾಸ್ತಿ, ಗ್ರೈಂಡಿಂಗೂ ಜಾಸ್ತಿ.

ಕೊನೆಗೆ ನಾನು ದುಡ್ಡು ಕೊಟ್ಟು ತಂದದ್ದು ಸಿಲಿಂಡರ್ ಇರುವ ಸಿಓಟು (ಕಾರ್ಬನ್ ಡೈಆಕ್ಸೈಡ್) ಮಿಗ್. ಇದರಲ್ಲಿ ಫ್ಲಕ್ಸ್ ಬದಲು ಆ ಗ್ಯಾಸೇ ವೆಲ್ಡನ್ನು ಕಾಯುತ್ತದೆ. ಬಾಡಿ ಕೆಲಸಕ್ಕೆ ಒಂದೇ ಮೆಷಿನ್ ಕೊಳ್ಳುವುದಾದರೆ ಇದನ್ನೇ ಕೊಳ್ಳಿ. 0.8 ಎಂಎಂ ತಂತಿ ಹಾಕಿದೆ. 0.6 ಸಿಕ್ಕರೆ ಇನ್ನೂ ಒಳ್ಳೆಯದು. ಕಿವಿಯೇ ಸೆಟ್ಟಿಂಗ್ ಹೇಳಿಕೊಡುತ್ತದೆ. ಸರಿಯಿದ್ದರೆ ಕಾದ ಕಾವಲಿಗೆ ದೋಸೆ ಹಿಟ್ಟು ಬಿದ್ದಂತೆ ಒಂದೇ ಸಮ ಚುರ್ ಅನ್ನುತ್ತದೆ. ಒಗ್ಗರಣೆ ಸಾಸಿವೆಯ ಹಾಗೆ ಪಟಪಟ ಸಿಡಿದರೆ ವೋಲ್ಟೇಜೋ ತಂತಿಯ ವೇಗವೋ ತಪ್ಪಿದೆ ಅಂತ ಲೆಕ್ಕ. ಉದ್ದ ಗೆರೆ ಎಳೆಯಬೇಡಿ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಎದುರು ಮೂಲೆಯಲ್ಲಿ, ಕೈ ಇಡುವಷ್ಟು ಆರಿದ ಮೇಲೆ ನಡುವೆ ಮತ್ತೊಂದು. ಹೀಗೆ ಸೇರಿಸುತ್ತಾ ಹೋದರೆ ತಗಡು ಸೊಟ್ಟಗಾಗುವುದಿಲ್ಲ. ಇದಕ್ಕೊಂದೇ ಕಷ್ಟ, ನಮ್ಮೂರ ಗಾಳಿ. ಗ್ಯಾಸ್ ಹಾರಿಹೋಗಿ ವೆಲ್ಡ್ ಒಳಗೆಲ್ಲ ಗುಳ್ಳೆ ಬಿತ್ತು. ಶೆಡ್ಡಿಗೆ ಟಾರ್ಪಾಲ್ ಇಳಿಬಿಟ್ಟ ಮೇಲೆ ಸರಿಹೋಯಿತು.

ಟಿಂಕರಿಂಗ್ ಶೆಡ್ಡಿನ ಹಳಬರು ಗ್ಯಾಸ್ ವೆಲ್ಡಿಂಗ್‌ನಲ್ಲಿ (ಕರೆಂಟಿಲ್ಲದೆ, ಗ್ಯಾಸ್ ಉರಿಯ ಜ್ವಾಲೆಯಲ್ಲಿ) ಇದೇ ಕೆಲಸ ಚೆನ್ನಾಗಿ ಮಾಡುತ್ತಾರೆ. ಆದರೆ ಅದಕ್ಕೆ ವರ್ಷಗಟ್ಟಲೆ ಪಳಗಿದ ಕೈ ಬೇಕು.

ಯಾವುದೇ ಮೆಷಿನ್ ಇರಲಿ, ಬ್ಯಾಟರಿ ವೈರ್ ಬಿಚ್ಚಿ. ಪದ್ಮಿನಿಯಲ್ಲಿ ಪೆಟ್ರೋಲ್ ಪೈಪ್ ಕಾರಿನ ತಳದಲ್ಲೇ ಹಾದುಹೋಗುತ್ತದೆ. ಟ್ಯಾಂಕು, ಪೈಪು ಎರಡನ್ನೂ ತೆಗೆದಿಟ್ಟ ಮೇಲೇ ನಾನು ಕೆಲಸ ಶುರುಮಾಡಿದ್ದು.

ಪ್ಯಾಚ್ ಮುಗಿದ ಸಂಜೆ ಕಾರಿನಡಿ ಬಲ್ಬ್ ಇಟ್ಟು ಮೇಲಿಂದ ನೋಡಿದೆ. ಎರಡು ಕಡೆ ಸೂಜಿಮೊನೆಯಷ್ಟು ಬೆಳಕು ಬಂತು. ಅಲ್ಲಿಗೆ ಒಂದೊಂದು ಚುಕ್ಕೆ ಹಾಕಿ, ಗ್ರೈಂಡ್ ಮಾಡಿ, ರಾತ್ರಿಯೇ ಪ್ರೈಮರ್ ಹೊಡೆದೆ. ಜುಲೈ ತಿಂಗಳ ಮೂಡಿಗೆರೆಯಲ್ಲಿ ಬರಿ ತಗಡನ್ನು ಹಾಗೇ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕೆಂಪಗಾಗಿರುತ್ತದೆ.