ಫರ್ಸಿ ಮೇಲೆ ಸೋಡಾ ಭಟ್ಟಿ ಕಟ್ಟಬೇಡಿ

ಪಾತ್ರೆ ಸುಡುವಾಗ ಸೋಡಾ (ಕೆಲವರು ಉಪ್ಪು) ಒಳಗೆ ಹಾಕಿ, ಅದರ ಆವಿಯಿಂದಲೇ ಮಣ್ಣಿನ ಮೈಗೆ ಗಾಜಿನಂಥ ಮೆರುಗು ಹತ್ತಿಸುವುದೇ ಸೋಡಾ ಭಟ್ಟಿ. ಕಲಬುರಗಿ ಹೊರವಲಯದ ಹೊಲವೊಂದರಲ್ಲಿ ಕಟ್ಟಿದ 30 ಘನ ಅಡಿಯ ಅಂಥ ಗ್ಯಾಸ್ ಭಟ್ಟಿಯ ಮೊದಲ ಸೋಡಾ ಲೋಡ್ ಹೆಚ್ಚುಕಡಿಮೆ ಪೂರ್ತಿ ಕೆಟ್ಟಿತು. ಎಪ್ಪತ್ತು ಪಾತ್ರೆಗಳಲ್ಲಿ ಕೈಗೆ ಸಿಕ್ಕಿದ್ದು ಒಂಬತ್ತು. ಬರ್ನರ್ ಎದುರಿನವು ಶೆಲ್ಫಿಗೆ ಕಚ್ಚಿಕೊಂಡಿದ್ದವು. ಹಿಂದಿನ ಸಾಲು ಮೆರುಗೇ ಹತ್ತದೆ, ಸುಡದ ಇಟ್ಟಂಗಿಯ ಹಾಗೆ ಒಣಒಣ. ಮೂರು ಭರಣಿಗಳ ಮುಚ್ಚಳ ಬಾಯಿಗೇ ಬೆಸೆದುಹೋಗಿತ್ತು. ಎರಡು ವಾರ ಬಿಟ್ಟು ಮಳೆ ಬಿದ್ದಾಗ ಭಟ್ಟಿಯ ತಳವೇ ಉಬ್ಬಿ ಬಾಗಿಲು ಓರೆಯಾಯಿತು. ಹೊರಗಿನಿಂದ ತರಿಸಿದ, ಹೆಚ್ಚು ಕಾವಿಗೆ ಗಟ್ಟಿಯಾಗಿ ಬೇಯುವ ಸ್ಟೋನ್‌ವೇರ್ ಮಣ್ಣು ಸರಿ ಇತ್ತು, ತಿರುಗಿಸಿದ ಕೈಯೂ ಸರಿ ಇತ್ತು. ಊರಲ್ಲಿ ಅಗ್ಗಕ್ಕೆ ಸಿಗುವುದೆಲ್ಲ ಭಟ್ಟಿಗೂ ನಡೆದೀತು ಅಂದುಕೊಂಡದ್ದೇ ಮುಳುವಾಯಿತು.

ತಳದಿಂದಲೇ ಶುರು ಮಾಡೋಣ. ಗೌಂಡಿ ಶಹಾಬಾದ್ ಫರ್ಸಿ ಹಾಸಿ, ಅದರ ಮೇಲೆ ಒಂದೇ ಸಾಲು ಫೈರ್ ಬ್ರಿಕ್ ಕೂರಿಸಿದ್ದ. ಮನೆಗೆ ಫರ್ಸಿಯಂಥ ನೆಲ ಇನ್ನೊಂದಿಲ್ಲ, ಒಪ್ಪುವ ಮಾತು. ಆದರೆ ಅದು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳು ಸುಡುವುದೂ ಸುಣ್ಣದ ಕಲ್ಲನ್ನೇ. ಒಳಗೆ 1280 ಡಿಗ್ರಿ ಇರುವಾಗ ಒಂದು ಸಾಲು ಇಟ್ಟಂಗಿಯ ಕೆಳಗೆ 900 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಆ ಕಾವಿಗೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಮೇಲ್ನೋಟಕ್ಕೆ ಕಲ್ಲು ಕಲ್ಲೇ. ತೇವ ತಾಕಿದ ದಿನ ಅದು ಅರಳಿ ಹುಡಿಯಾಗುತ್ತದೆ, ಮೇಲಿನ ಇಟ್ಟಂಗಿಗಳನ್ನು ಎತ್ತಿ ಹಾಕುತ್ತದೆ. ತಳಕ್ಕೆ ಟೊಳ್ಳು ಕಾಂಕ್ರೀಟ್ ಬ್ಲಾಕ್‌ಗಳನ್ನು ರಂಧ್ರ ಅಡ್ಡಲಾಗುವಂತೆ ಮಲಗಿಸಿ, ಗಾಳಿ ಆರಪಾರ ಓಡಬೇಕು. ಅದರ ಮೇಲೆ ಎರಡು ಸಾಲು ಇನ್ಸುಲೇಷನ್ ಇಟ್ಟಂಗಿ, ಎಲ್ಲಕ್ಕಿಂತ ಮೇಲೆ ಗಟ್ಟಿ ಹೈ ಅಲ್ಯುಮಿನಾ ಇಟ್ಟಂಗಿ. ಬೆಂಕಿ ಕಾಣುವ ಮುಖಕ್ಕೆ ಹಗುರ ಇನ್ಸುಲೇಷನ್ ಇಟ್ಟಂಗಿಯನ್ನಾಗಲಿ ಸೆರಾಮಿಕ್ ಫೈಬರನ್ನಾಗಲಿ ಬರಿಮೈ ಬಿಡಬೇಡಿ, ಸೋಡಿಯಂ ಆವಿ ಎರಡನ್ನೂ ತಿಂದುಹಾಕುತ್ತದೆ. ಗಾರೆಗೆ ಸಿಮೆಂಟ್ ಬೇಡ. ಫೈರ್ ಕ್ಲೇ ಸಾಕು.

ಇನ್ನು ಸೋಡಾ. ರೆಸಿಪಿಯಲ್ಲಿ ಇದ್ದದ್ದು ‘ಸೋಡಾ ಆ್ಯಶ್ 2 ಕೆಜಿ’. ಕಿರಾಣಿ ಅಂಗಡಿಯಿಂದ ಬಂದದ್ದು ಬಟ್ಟೆ ಒಗೆಯುವ ಹರಳು ಸೋಡಾ. ಎರಡೂ ಸೋಡಿಯಂ ಕಾರ್ಬೊನೇಟೇ, ಆದರೆ ಹರಳಿನ ತೂಕದಲ್ಲಿ ನೂರಕ್ಕೆ 63 ಪಾಲು ಬರೀ ನೀರು. ಅಂದರೆ ಭಟ್ಟಿಗೆ ಹೋದದ್ದು ಮುಕ್ಕಾಲು ಕೆಜಿಗಿಂತ ಕಡಿಮೆ. ಹಿಂದಿನ ಸಾಲು ಒಣಗಿದ್ದಕ್ಕೆ ಅರ್ಧ ಕಾರಣ ಇದೇ. ಲೆಕ್ಕ ಹೀಗಿದೆ: 1 ಕೆಜಿ ಸೋಡಾ ಆ್ಯಶ್‌ನಲ್ಲಿರುವಷ್ಟು ಸೋಡಿಯಂ ಸಿಗಬೇಕಾದರೆ ಅಡುಗೆ ಸೋಡಾ 1.6 ಕೆಜಿ, ಹರಳು ಸೋಡಾ 2.7 ಕೆಜಿ, ಉಪ್ಪು 1.1 ಕೆಜಿ ಬೇಕು.

ಪ್ಯಾಕೆಟ್ ಮೇಲಿನ ಹೆಸರು ನಂಬುವ ಬದಲು ತೂಕದ ತಕ್ಕಡಿ ನಂಬಿ. ಅಡುಗೆಗೆ ಬಳಸದ ಹಳೆಯ ಕಬ್ಬಿಣದ ತವೆಯ ಮೇಲೆ 100 ಗ್ರಾಂ ಹಾಕಿ, ಜೋರು ಉರಿಯಲ್ಲಿ ಅರ್ಧ ಗಂಟೆ ಕೈಯಾಡಿಸಿ, ಮತ್ತೆ ತೂಗಿ. ಹೆಚ್ಚುಕಡಿಮೆ ಅಷ್ಟೇ ಉಳಿದರೆ ಸೋಡಾ ಆ್ಯಶ್. 63 ಗ್ರಾಂ ಉಳಿದರೆ ಅಡುಗೆ ಸೋಡಾ. ಮೊದಲು ಕರಗಿ ನೀರಾಗಿ, ಕುದ್ದು, ಕೊನೆಗೆ 37 ಗ್ರಾಂ ಬಿಳಿ ಪುಡಿ ಉಳಿದರೆ ಅದು ಹರಳು ಸೋಡಾ. ಕಾಸ್ಟಿಕ್ ಸೋಡಾದ ಹತ್ತಿರ ಮಾತ್ರ ಹೋಗಬೇಡಿ, ತವೆಗೂ ಹಾಕಬೇಡಿ. ಚರ್ಮ, ಕಣ್ಣು ಎರಡನ್ನೂ ಸುಡುತ್ತದೆ.

ಸೋಡಾವನ್ನು ಕಾದ ಭಟ್ಟಿಯೊಳಕ್ಕೆ ಸಿಂಪಡಿಸುವವರು 1 ಕೆಜಿ ಸೋಡಾ ಆ್ಯಶ್ ಅನ್ನು 4 ಲೀಟರ್ ಕುದಿನೀರಿನಲ್ಲಿ ಕರಗಿಸಿ, ಬಿಸಿ ಇರುವಾಗಲೇ ಖಾಲಿ ಮಾಡಿ. ಈ ದ್ರಾವಣ 20 ಡಿಗ್ರಿ ಹತ್ತಿರ ತಣಿದರೆ ಹರಳುಗಟ್ಟಿ ನಾಜಲ್ ಮುಚ್ಚುತ್ತದೆ. ಡಿಸೆಂಬರ್ ಬೆಳಗಿನ ನಮ್ಮ ಚಳಿಗೆ ಅಷ್ಟು ಸಾಕು, ಮೇ ತಿಂಗಳಲ್ಲಿ ಆ ಕಾಟವಿಲ್ಲ. ತೊಗರಿಗೆ ಔಷಧ ಹೊಡೆದ ಹಳೆ ಪಂಪ್ ತರಬೇಡಿ, ಒಳಗೆ ಉಳಿದ ವಿಷ ಕಾವಿಗೆ ಆವಿಯಾಗಿ ನಿಮ್ಮ ಮೂಗಿಗೇ ಬರುತ್ತದೆ. ಸ್ಟೀಲ್ ಪಂಪ್, ಒಂದು ಮೀಟರ್ ಉದ್ದದ ಲೋಹದ ನಳಿಕೆ, ಭಟ್ಟಿ ಗೋಡೆಯ ಒಂದೊಂದು ಕಿಂಡಿಗೆ 5ರಿಂದ 10 ಸೆಕೆಂಡ್. ಜ್ವಾಲೆ ಹರಿಯುವ ದಾರಿಗೆ ಗುರಿ ಇಡಿ. ನೀರು ಪಾತ್ರೆಗೋ ಶೆಲ್ಫಿಗೋ ನೇರ ಬಡಿದರೆ ಟಪ್ ಎಂದು ಸೀಳುತ್ತದೆ.

ಉಪ್ಪಿನಷ್ಟು ಸಲೀಸಾಗಿ ಸೋಡಾ ಆವಿಯಾಗಿ ಮೂಲೆಮೂಲೆಗೆ ಹರಡುವುದಿಲ್ಲ. ಜ್ವಾಲೆ ಹೋದಲ್ಲಿ ಹೋಗುತ್ತದೆ, ತಾಕಿದಲ್ಲಿ ಕೂರುತ್ತದೆ. ಆದ್ದರಿಂದ ಪಾತ್ರೆಗಳ ನಡುವೆ ಮೂರು ಬೆರಳು ಜಾಗ ಬಿಡದೆ ತುಂಬಿದರೆ ಹಿಂದಿನವಕ್ಕೆ ಏನೂ ಸಿಗದು. ಆ ಲೋಡಿನಲ್ಲಿ ಒಂದು ಬೆರಳೂ ತೂರುತ್ತಿರಲಿಲ್ಲ. ಕಿಂಡಿ ಎರಡೂ ಪಕ್ಕ ಇರಲಿ, ಪ್ರತಿ ಸಲ ಹಾಕಿದಾಗ ಹೊಗೆದಾರಿಯ ಡ್ಯಾಂಪರ್ (ಮುಚ್ಚುಹಲಗೆ) ಒಂದೆರಡು ನಿಮಿಷ ಮುಕ್ಕಾಲು ಮುಚ್ಚಿ, ಮತ್ತೆ ತೆರೆಯಿರಿ. 1240 ಡಿಗ್ರಿ ದಾಟಿದ ಮೇಲೆ ಶುರು ಮಾಡಿ, 200 ಗ್ರಾಂನಂತೆ ಹತ್ತು ನಿಮಿಷಕ್ಕೊಮ್ಮೆ ಕೊಡುತ್ತಾ ಒಂದೂವರೆ–ಎರಡು ಗಂಟೆಗೆ ಹಂಚಿ. ಹೊಸ ಭಟ್ಟಿಯಲ್ಲಿ ಮೊದಲ ಪಾಲು ಇಟ್ಟಂಗಿಯದು. ಮೊದಲೆರಡು ಲೋಡಿಗೆ ಒಂದೂವರೆಪಟ್ಟು ಸೋಡಾ ಬೇಕಾದೀತು. ಗೋಡೆಗೆ ಮೆರುಗು ಹತ್ತಿದ ಮೇಲೆ ಇಳಿಸುತ್ತಾ ಬನ್ನಿ. ಇಳಿಸದಿದ್ದರೆ ಕಮಾನಿನಿಂದ ಹಸಿರು ಗಾಜಿನ ಹನಿ ಪಾತ್ರೆ ಮೇಲೆ ತೊಟ್ಟಿಕ್ಕುತ್ತದೆ.

ಕಚ್ಚಿಕೊಂಡ ಪಾತ್ರೆಗಳ ಕಥೆ ಸಣ್ಣದು. ಪಾತ್ರೆ ಅಂಟದಿರಲೆಂದು ಶೆಲ್ಫಿಗೆ ಬಳಿದ ಲೇಪದಲ್ಲಿ, ಅಂದರೆ ಕಿಲ್ನ್ ವಾಶ್‌ನಲ್ಲಿ, ಸಿಲಿಕಾ ಇತ್ತು. ಸೋಡಿಯಂ ಸಿಲಿಕಾ ಕೂಡಿದರೆ ಗಾಜು, ಅಂದರೆ ಶೆಲ್ಫಿಗೆ ಅಂಟು ಬಳಿದಂತೆ. ಅಲ್ಯುಮಿನಾ ಹೈಡ್ರೇಟ್ ಮತ್ತು ಚೈನಾ ಕ್ಲೇ ಸಮಸಮ, ಅಷ್ಟೇ ಬಳಿಯಿರಿ. ಅದೇ ಮಿಶ್ರಣವನ್ನು ಚಪಾತಿ ಹಿಟ್ಟಿನ ಹದಕ್ಕೆ ಕಲಸಿ ನೆಲ್ಲಿಕಾಯಿಗಿಂತ ಸಣ್ಣ ಉಂಡೆ ಮಾಡಿ, ಪ್ರತಿ ಪಾತ್ರೆಯ ಪಾದಕ್ಕೆ ಮೂರು, ಮುಚ್ಚಳ ಕೂರುವ ಕಂಠಕ್ಕೆ ಮೂರು ಅಂಟಿಸಿ. ಕಲಸುವಾಗ ಮುರಿದುಹೋಗುತ್ತಿದ್ದರೆ ಒಂದು ಚಮಚ ಮೈದಾ ಸೇರಿಸಿ, ಸುಟ್ಟುಹೋಗುತ್ತದೆ. ಕೆರೆಮಣ್ಣಿನ ಉಂಡೆ ಇಡಲೇಬೇಡಿ. ನಮ್ಮ ಕುಂಬಾರರ ಆವಿಗೆಯ ಮಣ್ಣು ಸಾವಿರ ಡಿಗ್ರಿಯ ಒಳಗಿನ ಕೆಲಸಕ್ಕೆ, 1280ಕ್ಕೆ ಅದು ಕರಗಿ ಹರಿಯುತ್ತದೆ. ಬಾಯಿ ಕಿರಿದಾದ ಪಾತ್ರೆಯ ಒಳಕ್ಕೆ ಆವಿ ಇಳಿಯದು, ಒಳಗೆ ಗ್ಲೇಜ್ ಬಳಿದೇ ಇಡಬೇಕು. ಕಾರ್ಡಿಯರೈಟ್ ಶೆಲ್ಫ್ ಕೆಲವೇ ಲೋಡಿಗೆ ಬಾಗುತ್ತದೆ, ಸಿಲಿಕಾನ್ ಕಾರ್ಬೈಡ್ ದುಬಾರಿಯಾದರೂ ಬಾಳುತ್ತದೆ.

ಅತಿ ದೊಡ್ಡ ತಪ್ಪು ಕೋನ್ ನಂಬಿದ್ದು. ಕೋನ್ ಅಂದರೆ ಗೊತ್ತಾದ ಕಾವಿಗೆ ಬಾಗುವ, ಕಾವು ಅಳೆಯಲು ಭಟ್ಟಿಯಲ್ಲಿಡುವ ಪುಟ್ಟ ಶಂಕು. ಸೋಡಾ ಹಾಕುವ ಮುಂಚೆ ಕೋನ್ ನಿಜ ಹೇಳುತ್ತದೆ. ಹಾಕಿದ ಮೇಲೆ ಅದರ ಮೈಗೂ ಸೋಡಿಯಂ ಹತ್ತಿ ಅವಧಿಗೆ ಮುಂಚೆ ಬಾಗುತ್ತದೆ. ಹತ್ತನೇ ನಂಬರಿನ ಕೋನ್ ಬಿತ್ತು ಅಂತ ಗ್ಯಾಸ್ ಆರಿಸಿದರೆ ಪಾತ್ರೆ ಇನ್ನೂ ಅರೆಬೆಂದಿರುತ್ತದೆ. ನಂಬಬೇಕಾದ್ದು ಬಳೆ. ಅದೇ ಮಣ್ಣಿನ ಹೆಬ್ಬೆರಳು ಗಾತ್ರದ ಹುರಿಯಿಂದ ಐದಾರು ಬಳೆ ಮಾಡಿ, ಕಿಂಡಿಯ ಎದುರು ನಿಲ್ಲಿಸಿ. ಮೇಲಿನ ಕಿಂಡಿಗೊಂದು ಸಾಲು, ಕೆಳಗಿನದಕ್ಕೊಂದು. ಸೋಡಾದ ಮೂರನೇ ಒಂದು ಪಾಲು ಮುಗಿದಾಗೊಮ್ಮೆ ಕಬ್ಬಿಣದ ಸರಳಿನಿಂದ ಒಂದು ಎಳೆಯಿರಿ. ಕೆಂಪಗೆ ಹೊಳೆಯುತ್ತಾ ಬಂದದ್ದು ಇಟ್ಟಂಗಿಯ ಮೇಲೆ ನಿಮಿಷಾರ್ಧದಲ್ಲಿ ಕಪ್ಪಾಗಿ, ಆಮೇಲೆ ಬಣ್ಣ ತೋರಿಸುತ್ತದೆ. ಆ ಬಣ್ಣ ಲೆಕ್ಕಕ್ಕಿಲ್ಲ, ದಿಢೀರ್ ತಣಿದದ್ದು ಅದು. ಪೂರ್ತಿ ಆರಿದ ಮೇಲೆ ಉಗುರಿನಿಂದ ಸವರಿ ಮೆರುಗಿನ ದಪ್ಪ ನೋಡಿ. ಹಳೆ ಒಳಚರಂಡಿಯ ಕಂದು ಸ್ಟೋನ್‌ವೇರ್ ಪೈಪ್ ಮುಟ್ಟಿದ್ದರೆ ಆ ಕಿತ್ತಳೆ ಸಿಪ್ಪೆಯ ಗುಳಿ ಬೆರಳಿಗೆ ಗೊತ್ತಿರುತ್ತದೆ, ಅದೂ ಉಪ್ಪಿನ ಮೆರುಗೇ. ಬಳೆ ಮುರಿದು ಒಳಮೈಗೆ ನಾಲಿಗೆ ತಾಗಿಸಿ, ಅಂಟಿ ಎಳೆದರೆ ಮಣ್ಣು ಇನ್ನೂ ಬೆಂದಿಲ್ಲ.

ಗ್ಯಾಸ್ ವಿಷಯಕ್ಕೆ ಒಂದೇ ಮಾತು: 19 ಕೆಜಿಯ ಒಂದೇ ಸಿಲಿಂಡರ್ ಎಳೆದರೆ ಮೈಮೇಲೆ ಹಿಮಗಟ್ಟಿ ಒತ್ತಡ ಬೀಳುತ್ತದೆ, ಮೂರ್ನಾಲ್ಕು ಸೇರಿಸಿ ಮ್ಯಾನಿಫೋಲ್ಡ್ ಹಾಕಿ. ಕಟ್ಟಿಗೆ ಭಟ್ಟಿಯವರಿಗೆ ನಮ್ಮ ತೊಗರಿ ಕಟ್ಟಿಗೆ ವರ. ಸರ್ರನೆ ಉರಿದು ಉದ್ದನೆಯ ಜ್ವಾಲೆ ಕೊಡುತ್ತದೆ, ಸೋಡಾ ಹಿಂದಿನ ಸಾಲಿಗೆ ತಲುಪುವುದೇ ಆ ಜ್ವಾಲೆಯಿಂದ. ಜಾಲಿಯಿಂದ ಕಾವು ಏರಿಸಿ, ಸೋಡಾ ಹೊತ್ತಿಗೆ ತೊಗರಿ ಕಟ್ಟಿಗೆ ಕೊಡಿ.

ಸೋಡಾ ಬಿಟ್ಟು ಉಪ್ಪಿಗೇ ಹೋಗುವವರು ಜಾಗ ನೋಡಿಕೊಳ್ಳಿ. ಉಪ್ಪು ಮತ್ತು ನೀರಾವಿ ಸೇರಿ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬರುತ್ತದೆ, ತಗಡಿನ ಶೆಡ್ ಬೇಗ ತುಕ್ಕು ಹಿಡಿಯುತ್ತದೆ. ಮೂಗಿಗೆ ಒದ್ದೆ ಬಟ್ಟೆ ಕಟ್ಟುವುದು ಸಮಾಧಾನಕ್ಕಷ್ಟೇ. ಆಮ್ಲದ ಅನಿಲ ತಡೆಯುವ ಕಾರ್ಟ್ರಿಜ್ ಮುಖವಾಡವೇ ಬೇಕು. ಕಲ್ಲುಪ್ಪಿನ ಹರಳು ಕಾವಿಗೆ ಸಿಡಿದು ಕಿಂಡಿಯಿಂದ ವಾಪಸ್ ಹಾರುತ್ತದೆ, ಕಾಗದದಲ್ಲಿ ಪೊಟ್ಟಣ ಕಟ್ಟಿ ದೂರದಿಂದ ತಳ್ಳಿ. ಅಯೋಡಿನ್ ಉಪ್ಪು ಆಗುವುದಿಲ್ಲ ಅನ್ನುವ ಮಾತಿಗೆ ಆಧಾರವಿಲ್ಲ, ಅದರಲ್ಲಿರುವ ಅಯೋಡಿನ್ ಲೆಕ್ಕಕ್ಕೇ ಬಾರದಷ್ಟು. ಬೀದರ್ ಕಡೆಯವರಿಗೆ ಬೇರೆ ಎಚ್ಚರಿಕೆ: ಬಿದರಿ ಕೆಲಸಕ್ಕೆ ಕೋಟೆಯ ಮಣ್ಣಿನ ಜೊತೆ ಬಳಸುವ ನವಸಾಗರವೂ ಲವಣವೇ ಅಲ್ಲವೇ ಎಂದು ಭಟ್ಟಿಗೆ ಹಾಕಬೇಡಿ. ಅದು ಅಮೋನಿಯಂ ಕ್ಲೋರೈಡ್. ಸೋಡಿಯಂ ಒಂದು ಗ್ರಾಂ ಇಲ್ಲ, ಉಸಿರು ಕಟ್ಟಿಸುವ ಬಿಳಿ ಹೊಗೆ ಮಾತ್ರ.

ಆರಿಸಿದ ಮೇಲೆ 1000 ಡಿಗ್ರಿವರೆಗೆ ಬೇಗ ಇಳಿದರೆ ಮೆರುಗು ಹೊಳಪಾಗಿ ನಿಲ್ಲುತ್ತದೆ, ನಿಧಾನವಾದರೆ ಮಂಕಾಗುತ್ತದೆ. ಅಲ್ಲಿಂದ ಕೆಳಗೆ ಅವಸರ ಸಲ್ಲ. 573 ಮತ್ತು 226 ಡಿಗ್ರಿ ಹತ್ತಿರ ಸಿಲಿಕಾ ದಿಢೀರನೆ ಕುಗ್ಗುತ್ತದೆ, ಆ ಹೊತ್ತಿಗೆ ಬಾಗಿಲು ತೆರೆದರೆ ಭರಣಿ ಉದ್ದಕ್ಕೆ ಸೀಳುತ್ತದೆ. 100ರ ಕೆಳಗೆ ಬರುವವರೆಗೆ ಕಾಯಿರಿ.

ಹೊರತೆಗೆದ ಪಾತ್ರೆಯ ಮೇಲೆ ಬಿಳಿ ಪುಡಿ ಕಂಡರೆ ಒರೆಸಿ ನೀರಿನಲ್ಲಿ ತೊಳೆಯಿರಿ. ತೊಳೆದ ನೀರು, ಪಂಪಿನಲ್ಲಿ ಉಳಿದ ದ್ರಾವಣ ಯಾವುದನ್ನೂ ಹೊಲದ ಕಡೆ ಬಿಡಬೇಡಿ. ಎರೆಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣು ಬಿರುಸಾಗಿ ನೀರು ಇಂಗುವುದೇ ನಿಲ್ಲುತ್ತದೆ, ಚೌಳಾದ ಆ ಜಾಗದಲ್ಲಿ ತೊಗರಿಯೂ ಏಳದು. ಉಳಿದ ದ್ರಾವಣವನ್ನು ಅಗಲ ಬೋಗುಣಿಯಲ್ಲಿ ಬಿಸಿಲಿಗಿಟ್ಟು ಒಣಗಿಸಿ, ಮುಂದಿನ ಲೋಡಿಗೆ ತೂಗಿ ಬಳಸಿ. ಬಿಸಿಲಿಗೆ ಒಣಗಿದ್ದರಲ್ಲಿ ನೀರು ಎಷ್ಟು ಉಳಿದಿದೆ ಎನ್ನುವುದಕ್ಕೆ ಮತ್ತೆ ಅದೇ ತವೆ.