ಸೀಲ್ ಇದೆ ಎಂಬ ಮಾತನ್ನು ನಂಬಿ ಹಳೆಯ 305 ಎಂಜಿನ್ ಕೊಳ್ಳಬೇಡಿ

ಪೆನ್ಸಿಲ್ವೇನಿಯಾದ ಕಡೆ ಮಕ್ಕಳನ್ನು ಸ್ಪ್ರಿಂಟ್ ಕಾರ್ ರೇಸಿಗೆ, ಅಂದರೆ ಮೇಲೆ ದೊಡ್ಡ ರೆಕ್ಕೆ ಇರುವ ಚಿಕ್ಕ ಕಾರುಗಳು ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ರೇಸಿಗೆ, ಇಳಿಸಿರುವ, ಇಲ್ಲವೇ ಇಳಿಸಬೇಕೆಂದುಕೊಂಡಿರುವ ಕನ್ನಡದ ಮನೆಯವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಸೆಕೆಂಡ್ ಹ್ಯಾಂಡ್ ಎಂಜಿನ್ನಿಗೆ ಹಣ ಕೊಡುವ ಮೊದಲು ಒಳಗನ್ನು ಯಾರೂ ಬಿಚ್ಚಿಲ್ಲ ಎಂದು ತೋರಿಸಲು ಅದಕ್ಕೆ ಹಾಕಿರುವ ಒಂದೊಂದು ಸೀಲನ್ನೂ ನಿಮ್ಮ ಕಣ್ಣಿನಿಂದಲೇ ನೋಡಿ, ಬೆರಳಿನಿಂದ ಮುಟ್ಟಿ, ಕಾಗದದಲ್ಲಿರುವ ಸಂಖ್ಯೆಗೆ ತಾಳೆ ಹಾಕಿ. ನಾನು ಹಾಗೆ ಮಾಡಲಿಲ್ಲ. 11,500 ಡಾಲರ್ ಕಳೆದುಕೊಂಡೆ. ಹಣ ಹೋದದ್ದು ಒಂದು ಕಡೆಯಾದರೆ, ಹದಿನೇಳು ವರ್ಷದ ನನ್ನ ಮಗ ತಾನು ಮಾಡದ ಮೋಸಕ್ಕಾಗಿ ಪಿಟ್‌ನಲ್ಲಿದ್ದ ಅಷ್ಟೂ ಜನರ ಎದುರು ತಲೆ ತಗ್ಗಿಸಿ ನಿಲ್ಲಬೇಕಾಯಿತು. ಮೂರು ವಾರ ಕಳೆದರೂ ಆ ಸಿಟ್ಟು ಇಳಿದಿಲ್ಲ, ಆ ನಾಚಿಕೆಯೂ ಇಳಿದಿಲ್ಲ.

ನಮ್ಮ ಮನೆ ಇರುವುದು ಮೆಕ್ಯಾನಿಕ್ಸ್‌ಬರ್ಗ್ ಹತ್ತಿರ. ಬೇಸಿಗೆಯ ಶುಕ್ರವಾರದ ರಾತ್ರಿ ಕಿಟಕಿ ತೆರೆದಿಟ್ಟರೆ ವಿಲಿಯಮ್ಸ್ ಗ್ರೋವ್ ಸ್ಪೀಡ್‌ವೇಯ ಮೊರೆತ ಅಡುಗೆಮನೆಯವರೆಗೂ ಬರುತ್ತದೆ. 1939ರಲ್ಲಿ ಶುರುವಾದ, ಅರ್ಧ ಮೈಲಿ ಸುತ್ತಳತೆಯ ಆ ಮಣ್ಣಿನ ಟ್ರ್ಯಾಕಿಗೆ ಮಗನನ್ನು ಮೊದಲ ಸಲ ಕರೆದೊಯ್ದಾಗ ಅವನಿಗೆ ಎಂಟು ವರ್ಷ. ಆಮೇಲೆ ಮೋಟಾರ್‌ಸೈಕಲ್ಲಿನ ಎಂಜಿನ್ ಕೂರಿಸಿದ 600 ಸಿಸಿ ಮೈಕ್ರೋ ಸ್ಪ್ರಿಂಟ್‌ನಲ್ಲಿ ನಾಲ್ಕು ವರ್ಷ ಓಡಿಸಿದ. ಈ ವರ್ಷ ದೊಡ್ಡ ಕಾರಿಗೆ ಏರುವುದೆಂದು ನಿರ್ಧರಿಸಿದೆವು. ಚಾಸಿಸ್, ರೆಕ್ಕೆ, ಟೈರುಗಳನ್ನು ಹೇಗೋ ಹೊಂದಿಸಿಕೊಂಡೆವು. ಉಳಿದದ್ದು ಎಂಜಿನ್ ಮಾತ್ರ.

ಈ ಆಟದಲ್ಲಿ ದಡ ಹತ್ತಿಸುವುದೂ ಮುಳುಗಿಸುವುದೂ ಎಂಜಿನ್ನೇ ಎಂಬುದು ಇದರ ಸಹವಾಸ ಇರುವವರಿಗೆಲ್ಲ ತಿಳಿದಿದೆ. ದೊಡ್ಡ ಸ್ಪ್ರಿಂಟ್ ಕಾರ್ ಸರಣಿಯಾದ ವರ್ಲ್ಡ್ ಆಫ್ ಔಟ್‌ಲಾಸ್‌ನಲ್ಲಿ ಓಡುವವರು ಬಳಸುವ 410 ಘನ ಇಂಚಿನ, ಅಂದರೆ ಸುಮಾರು 6,700 ಸಿಸಿಯ ಅಲ್ಯೂಮಿನಿಯಂ ಎಂಜಿನ್ನನ್ನು ಹೊಸದಾಗಿ ಕಟ್ಟಿಸಲು ಹೋದರೆ 50,000 ಡಾಲರ್ ದಾಟುತ್ತದೆ, ಮತ್ತು ಅದನ್ನು ಋತುವಿನ ನಡುವೆಯೇ ಬಿಚ್ಚಿ ಮತ್ತೆ ಕಟ್ಟಿಸಬೇಕಾಗುತ್ತದೆ. ಸಂಬಳದ ಮೇಲೆ ಬದುಕುವವರ ಕೈಗೆ ಅದು ಎಟುಕುವುದಿಲ್ಲ. ಇದೇ ಕಾರಣಕ್ಕೆ ವರ್ಜೀನಿಯಾದ ಫ್ರೆಂಚ್ ಗ್ರೈಮ್ಸ್ ಅವರು ರೇಸ್‌ಸೇವರ್ ಎಂಬ ಹೆಸರಿನಲ್ಲಿ 305 ಘನ ಇಂಚಿನ ವರ್ಗವನ್ನು ಬೆಳೆಸಿದರು. ಷೆವ್ರೊಲೆ ಕಂಪನಿ 1976ರಿಂದ ಸಾಮಾನ್ಯ ಕಾರುಗಳಿಗೆ ಹಾಕುತ್ತಿದ್ದ 305 ಎಂಜಿನ್ನಿನ ಎರಕದ ಕಬ್ಬಿಣದ ಬ್ಲಾಕುಗಳು ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತಿದ್ದವು. ಅಂಥ ಎಂಜಿನ್ನಿನ ಮೇಲೆ ಬಿಗಿ ನಿಯಮ ಹೇರಿ, ಪರೀಕ್ಷಿಸಿ, ಬಿಚ್ಚಲಾಗದಂತೆ ಸೀಲ್ ಹಾಕಿಬಿಟ್ಟರೆ, ಹಣವಿದ್ದವನು ಒಳಗೆ ಏನನ್ನೂ ತುಂಬಲಾರ. ಮೆಕ್ಯಾನಿಕ್‌ನ ಮಗನೂ ಮಾಲೀಕನ ಮಗನೂ ಒಂದೇ ಗೆರೆಯಿಂದ ಹೊರಡುತ್ತಾರೆ. ಆ ಸೀಲ್ ಎಂದರೆ ತಂತಿಯ ಒಂದು ತುಂಡು ಮತ್ತು ಸಂಖ್ಯೆ ಒತ್ತಿದ ಒಂದು ಬಿಲ್ಲೆ, ಅಷ್ಟೇ. ಆದರೆ ಇಡೀ ವರ್ಗ ನಿಂತಿರುವುದು ಆ ತಂತಿಯ ಮೇಲೆ. ಇದನ್ನು ನಾನು ಬಲ್ಲೆ. ಬಲ್ಲವನಾಗಿದ್ದೂ ಮೋಸಹೋದೆ.

ಮಾರಿದವನು ನಮ್ಮಿಂದ ಎರಡು ಗಂಟೆ ದೂರದ ಊರಿನವನು, ಇದೇ ರಾಜ್ಯದವನು. ಹಿಂದೆ ತಾನೂ ಓಡಿಸುತ್ತಿದ್ದನಂತೆ. ಜಾಹೀರಾತಿನಲ್ಲಿ ‘305, ಸೀಲ್ ಮಾಡಿದ್ದು, ಎಂಟು ರಾತ್ರಿ ಮಾತ್ರ ಓಡಿದ್ದು’ ಎಂದು ಬರೆದಿದ್ದ. ಹೊಸದಕ್ಕೆ ನಾವು ವಿಚಾರಿಸಿದ ಕಡೆಯಲ್ಲೆಲ್ಲ ಇದಕ್ಕಿಂತ ಬಹಳ ಹೆಚ್ಚು ಹೇಳಿದ್ದರಿಂದ 11,500 ನ್ಯಾಯವಾದ ಬೆಲೆ ಎಂದೇ ಅನ್ನಿಸಿತು. ತೀರಾ ಅಗ್ಗವಾಗಿದ್ದರೆ ಅನುಮಾನ ಬರುತ್ತಿತ್ತೇನೋ.

ಅವನ ಗ್ಯಾರೇಜಿನಲ್ಲಿ ನಡೆದದ್ದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಾನು ಮೂರ್ಖನಾದದ್ದು ಅಲ್ಲಿ. ಎಂಜಿನ್ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಮೇಲ್ಭಾಗದಲ್ಲಿ, ಇನ್‌ಟೇಕ್ ಬೋಲ್ಟುಗಳ ನಡುವೆ ಸೀಲಿನ ಬಿಲ್ಲೆ ಕಾಣುತ್ತಿತ್ತು. ಅವನು ಪ್ಲಾಸ್ಟಿಕ್ ಹಾಳೆಯೊಳಗಿದ್ದ ಪ್ರಮಾಣಪತ್ರವನ್ನು ಕೊಟ್ಟ, ನಾನು ಕನ್ನಡಕ ಏರಿಸಿಕೊಂಡು ಅಂಕಿಗಳನ್ನು ಒಂದೊಂದಾಗಿ ಓದಿದೆ, ಸಂಖ್ಯೆ ಸರಿಹೊಂದಿತು. ನನ್ನ ಮಗ ಅಷ್ಟಕ್ಕೇ ಬಿಡಲಿಲ್ಲ. ‘ಅಪ್ಪಾ, ಕೆಳಗಡೆ ಆಯಿಲ್ ಪ್ಯಾನ್ ಹತ್ರಾನೂ ಒಂದು ಸೀಲ್ ಇರಬೇಕು, ತಿರುಗಿಸಿ ನೋಡೋಣ’ ಎಂದ. ಸ್ಟ್ಯಾಂಡನ್ನು ತಿರುಗಿಸಲು ಅವನು ಕೈ ಹಾಕುವಷ್ಟರಲ್ಲಿ ಆ ಮನುಷ್ಯ ನಗುತ್ತಲೇ ಅಡ್ಡ ಬಂದು, ಒಳಗೆ ಎಣ್ಣೆ ಇದೆ, ತಲೆಕೆಳಗು ಮಾಡಿದರೆ ನೆಲವೆಲ್ಲ ಹಾಳಾಗುತ್ತದೆ, ಕೆಳಗಿನದೂ ಇದೇ ಸಂಖ್ಯೆಯ ಜೋಡಿ, ಚಿಂತೆ ಬೇಡ ಎಂದ. ಆಮೇಲೆ ಕಪಾಟಿನಿಂದ ತಾನು ರೇಸಿನಲ್ಲಿ ಹಾಕಿಕೊಳ್ಳುತ್ತಿದ್ದ ಒಂದು ಜೊತೆ ಕೈಗವಸುಗಳನ್ನು ತೆಗೆದು ನನ್ನ ಮಗನಿಗೆ ಕೊಟ್ಟ. ‘ಇವು ನಿನಗೆ ಅದೃಷ್ಟ ತರಲಿ’ ಎಂದ.

ಆ ಕೈಗವಸು ನೋಡಿ ನಾನು ಕರಗಿಹೋದೆ. ಊರಿನಲ್ಲಿ ನಮ್ಮಪ್ಪ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಎದುರಿಗಿರುವವನು ಎಷ್ಟೇ ಸಜ್ಜನನಾಗಿದ್ದರೂ ಬಾಯಿ ಬಿಡಿಸಿ ಹಲ್ಲು ನೋಡದೆ, ಸುಳಿ ನೋಡದೆ, ನಾಲ್ಕು ಹೆಜ್ಜೆ ನಡೆಸಿ ನೋಡದೆ ಟವೆಲ್ಲಿನ ಅಡಿಗೆ ಕೈ ಕೊಡುತ್ತಿರಲಿಲ್ಲ. ಅವರ ಮಗನಾದ ನಾನು ಹನ್ನೊಂದೂವರೆ ಸಾವಿರ ಡಾಲರಿನ ಎಂಜಿನ್ನನ್ನು ಒಮ್ಮೆ ತಿರುಗಿಸಿ ನೋಡಲಿಲ್ಲ. ಸಂಕೋಚ. ಅಷ್ಟು ಆತ್ಮೀಯವಾಗಿ ಮಾತನಾಡುತ್ತಿರುವವನ ಮೇಲೆ ಅನುಮಾನಪಟ್ಟಂತಾಗುತ್ತದಲ್ಲ ಎಂಬ ಸಂಕೋಚ. ಹಣ ಎಣಿಸಿ ಕೊಟ್ಟೆ, ರಸೀದಿ ತೆಗೆದುಕೊಂಡೆ. ರಸೀದಿಯಲ್ಲಿ ‘ಒಂದು ರೇಸ್ ಎಂಜಿನ್, ಇರುವ ಸ್ಥಿತಿಯಲ್ಲೇ ಮಾರಾಟ’ ಎಂದಷ್ಟೇ ಇತ್ತು. 305 ಎಂಬ ಅಂಕಿಯೇ ಅದರಲ್ಲಿ ಇರಲಿಲ್ಲ. ಅದನ್ನೂ ನಾನು ಗಮನಿಸಲಿಲ್ಲ.

ಮೊದಲ ಎರಡು ರಾತ್ರಿ ಕಾರು ಚೆನ್ನಾಗಿಯೇ ಓಡಿತು. ಮೂರನೆಯ ರಾತ್ರಿ ಮಗ ಫೀಚರ್ ರೇಸಿನಲ್ಲಿ, ಅಂದರೆ ಆ ರಾತ್ರಿಯ ಮುಖ್ಯ ರೇಸಿನಲ್ಲಿ, ಮೂರನೆಯವನಾಗಿ ಬಂದ. ತಿರುವಿನಿಂದ ಹೊರಬರುವಾಗ ಅವನ ಕಾರು ಉಳಿದವರನ್ನು ಹಿಂದೆ ಹಾಕುತ್ತಿದ್ದ ರೀತಿ ಕಂಡು ನಾನು ಹೆಮ್ಮೆಯಿಂದ ಕೂಗಿದೆ. ಅದೆಲ್ಲ ಅವನ ಕೈಚಳಕ ಎಂದುಕೊಂಡೆ. ಮೊದಲ ಮೂರು ಕಾರುಗಳನ್ನು ತಪಾಸಣೆಗೆ ಕರೆಯುವುದು ರೂಢಿ. ಮೈತುಂಬಾ ಮಣ್ಣು ಮೆತ್ತಿಕೊಂಡಿದ್ದ ಕಾರನ್ನು ನಾವೇ ತಳ್ಳಿಕೊಂಡು ಹೋದೆವು.

ಪರೀಕ್ಷಕರು ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿ ಕೆಳಗಿನಿಂದ ನೋಡಿದರು. ಆಯಿಲ್ ಪ್ಯಾನಿನ ಬಳಿ ತಂತಿ ಇತ್ತು, ಬಿಲ್ಲೆ ಇರಲಿಲ್ಲ. ಎದ್ದು ಬಂದು ಮೇಲಿನ ಸೀಲನ್ನು ಹಿಡಿದು, ಬೋಲ್ಟಿನ ತಲೆಯ ಹಿಂದೆ ಮೆತ್ತಿದ್ದ ಜಿಡ್ಡನ್ನು ಹೆಬ್ಬೆರಳಿನಿಂದ ಒರೆಸಿ, ನನ್ನನ್ನು ಹತ್ತಿರ ಕರೆದು ತೋರಿಸಿದರು. ತಂತಿಯನ್ನು ಯಾರೋ ಕತ್ತರಿಸಿ ಮತ್ತೆ ಕೂಡಿಸಿದ್ದರು. ಕೂಡಿಸಿದ ಜಾಗದಲ್ಲಿ ರಾಗಿಕಾಳಿನಷ್ಟು ಬೆಸುಗೆ ಹೊಳೆಯುತ್ತಿತ್ತು. ರಾಗಿಕಾಳಿನಷ್ಟು! ಹೆಬ್ಬೆರಳಿನಿಂದ ಒಮ್ಮೆ ಒರೆಸಿದ್ದರೆ ನನಗೂ ಅಂದೇ ಕಾಣುತ್ತಿತ್ತು.

ಆಮೇಲೆ ಒಂದು ಸಿಲಿಂಡರಿನ ಸ್ಪಾರ್ಕ್ ಪ್ಲಗ್ ತೆಗೆದು, ವಾಲ್ವುಗಳು ಮುಚ್ಚಿಯೇ ಇರುವಂತೆ ಅವನ್ನು ಒತ್ತಿ ತೆರೆಯುವ ರಾಕರುಗಳನ್ನು ಸಡಿಲಿಸಿ, ಪ್ಲಗ್ಗಿನ ತೂತಿಗೆ ಅಳತೆಯ ಉಪಕರಣದ ಕೊಳವೆಯನ್ನು ತಿರುಗಿಸಿ ಕೂರಿಸಿದರು. ಎಂಜಿನ್ ಬಿಚ್ಚದೆಯೇ ಪಿಸ್ಟನ್ ತಳ್ಳುವ ಗಾಳಿಯನ್ನು ಅಳೆದು ಸಿಲಿಂಡರಿನ ಗಾತ್ರ ಹೇಳುವ ಸಾಧನ ಅದು. 305 ಎಂಜಿನ್ನಿನಲ್ಲಿ ಎಂಟು ಸಿಲಿಂಡರುಗಳಿಗೆ ತಲಾ 38 ಘನ ಇಂಚಿನ ಆಸುಪಾಸಿನಲ್ಲಿ ಬರಬೇಕು. ನಮ್ಮದು 41 ದಾಟಿತು. ಅವರು ಇನ್ನೊಂದು ಸಿಲಿಂಡರಿನಲ್ಲಿ ಮತ್ತೆ ಅಳೆದರು. ಅಲ್ಲಿಯೂ 41 ದಾಟಿತು. ‘ಇದು 334’ ಎಂದರು. ಅವರ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ.

ಗೊತ್ತಿಲ್ಲದವರಿಗಾಗಿ ಲೆಕ್ಕ ಹೇಳುತ್ತೇನೆ. ಕಾರ್ಖಾನೆಯಿಂದ ಬಂದ 305ರ ಬೋರ್, ಅಂದರೆ ಸಿಲಿಂಡರಿನ ಅಡ್ಡಳತೆ, 3.736 ಇಂಚು; ಸ್ಟ್ರೋಕ್, ಅಂದರೆ ಪಿಸ್ಟನ್ ಚಲಿಸುವ ದೂರ, 3.48 ಇಂಚು. ಸವೆದ ಬ್ಲಾಕನ್ನು 0.030 ಇಂಚಿನಷ್ಟು ಕೊರೆದರೆ 310 ಆಗುತ್ತದೆ, ಅಷ್ಟೇ. ಆದರೆ ಹಾಗೆ ಕೊರೆದ ಅದೇ ಬ್ಲಾಕಿಗೆ ಷೆವ್ರೊಲೆಯ 400 ಎಂಜಿನ್ನಿನ ಅಳತೆಯ, 3.75 ಇಂಚು ಸ್ಟ್ರೋಕ್ ಇರುವ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳನ್ನು ಮೇಲೆ ಕೆಳಗೆ ಆಡಿಸುವ ದಂಡ) ಹಾಕಿ, ಅದಕ್ಕೆ ತಕ್ಕ ಪಿಸ್ಟನ್ ಹಾಕಿದರೆ 334 ಆಗುತ್ತದೆ. ಹೊರಗಿನಿಂದ ನೋಡಿದರೆ ಯಾರಿಗೂ ಗೊತ್ತಾಗದು: ಬ್ಲಾಕ್ ಅದೇ, ಬಣ್ಣ ಅದೇ, ಎರಕದ ಸಂಖ್ಯೆಯೂ ಅದೇ. ಆದರೆ ಹೆಡ್ಡುಗಳನ್ನೂ ಆಯಿಲ್ ಪ್ಯಾನನ್ನೂ ತೆಗೆಯದೆ ಈ ಕೆಲಸ ಆಗುವುದೇ ಇಲ್ಲ. ಇದು ಅಜಾಗರೂಕತೆಯಿಂದ ಆದ ತಪ್ಪಲ್ಲ. ಯಾರೋ ಕುಳಿತು, ಸೀಲ್ ಕತ್ತರಿಸಿ, ಕೆಲಸ ಮುಗಿಸಿ, ಮತ್ತೆ ಬೆಸುಗೆ ಹಾಕಿ ಜಿಡ್ಡು ಬಳಿದಿದ್ದಾರೆ.

ಆ ರಾತ್ರಿಯ ಸ್ಥಾನ ಹೋಯಿತು, ಬಹುಮಾನದ ಹಣ ಹೋಯಿತು, ಅಲ್ಲಿಯವರೆಗಿನ ಪಾಯಿಂಟುಗಳೂ ಹೋದವು. ನಾಲ್ಕನೆಯವನಾಗಿ ಬಂದ ಹುಡುಗನ ತಂದೆ ಹಿಂದಿನ ವಾರ ನಮಗೆ ತಮ್ಮ ಜ್ಯಾಕ್ ಕೊಟ್ಟು ಸಹಾಯ ಮಾಡಿದ್ದವರು. ಅವರು ನಮ್ಮ ಪಕ್ಕದಲ್ಲೇ ಹಾದುಹೋದರು, ಮುಖ ನೋಡಲಿಲ್ಲ. ಅವರ ಮೇಲೆ ನನಗೆ ಬೇಸರವಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಮನೆಗೆ ಬರುವ ದಾರಿಯಲ್ಲಿ ಬಹಳ ಹೊತ್ತು ಸುಮ್ಮನಿದ್ದ ಮಗ, ‘ಅಪ್ಪಾ, ಹಾಗಾದ್ರೆ ಆ ರೇಸಲ್ಲಿ ನಾನು ಚೆನ್ನಾಗಿ ಓಡಿಸಿದ್ದಲ್ವಾ?’ ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಗೆ ಬೆಲೆ ಕಟ್ಟುವುದಾದರೆ ಆ ಮಾರಿದವನು ನನಗೆ ಎಷ್ಟು ಡಾಲರ್ ಕೊಡಬೇಕು?

ಈಗ ಅವನ ಉತ್ತರಗಳನ್ನು ಕೇಳಿ. ಮರುದಿನ ಬೆಳಿಗ್ಗೆ ಫೋನ್ ಮಾಡಿದಾಗ, ‘ನನ್ನ ಕೈಯಿಂದ ಹೋಗುವಾಗ ಅದು 305 ಆಗಿತ್ತು, ಆಮೇಲೆ ನೀವು ಏನು ಮಾಡಿದಿರೋ ನನಗೆ ಗೊತ್ತಿಲ್ಲ’ ಎಂದ. ಅಂದರೆ ಮೋಸಗಾರ ನಾನೇ ಎಂದಾಯಿತು. ಮಧ್ಯಾಹ್ನ ಬೆಸುಗೆಯ ಫೋಟೋ ಕಳುಹಿಸಿದೆ. ಆಗ, ‘ನಾನೂ ಅದನ್ನು ಹಾಗೆಯೇ ಕೊಂಡದ್ದು, ನಾನು ಬಿಚ್ಚಿಯೇ ಇಲ್ಲ’ ಎಂದು ಬರೆದ. ಬೆಳಿಗ್ಗೆ 305 ಎಂದು ಖಚಿತವಾಗಿ ಗೊತ್ತಿದ್ದವನಿಗೆ ಮಧ್ಯಾಹ್ನದ ಹೊತ್ತಿಗೆ ಒಳಗೆ ಏನಿದೆ ಎಂಬುದೇ ಗೊತ್ತಿರಲಿಲ್ಲ! ಎರಡು ದಿನ ಬಿಟ್ಟು ಮತ್ತೆ ಕೇಳಿದಾಗ ಬಂದ ಉತ್ತರವನ್ನು ನಾನು ಸಾಯುವವರೆಗೂ ಮರೆಯಲಾರೆ: ‘ಅಷ್ಟೇ ದುಡ್ಡಿಗೆ ನಿಮಗೆ ದೊಡ್ಡ ಎಂಜಿನ್ ಸಿಕ್ಕಿದೆ, ದೂರುವುದೇಕೆ? ದೊಡ್ಡ ವರ್ಗದಲ್ಲಿ ಓಡಿಸಿ.’ ಕೊನೆಗೆ ರಸೀದಿಯ ಆ ಸಾಲನ್ನು ಫೋಟೋ ತೆಗೆದು ಕಳುಹಿಸಿ ನನ್ನ ನಂಬರನ್ನು ಬ್ಲಾಕ್ ಮಾಡಿದ.

ದೊಡ್ಡ ವರ್ಗದಲ್ಲಿ ಓಡಿಸಬೇಕಂತೆ. ಈ ಭಾಗದಲ್ಲಿ ಅದರ ಮೇಲಿರುವುದು 358, ಅದರ ಮೇಲೆ 410. 305ಕ್ಕೆ ಇದು ದೊಡ್ಡದಾಯಿತು, 358ಕ್ಕೆ ಚಿಕ್ಕದಾಯಿತು. 358ರವರ ಜೊತೆ ಇದನ್ನು ಬಿಟ್ಟರೆ ಮಗ ಪ್ರತಿ ವಾರ ಕೊನೆಯವನಾಗಿ ಬರುತ್ತಾನೆ, ಟೈರಿನ ಖರ್ಚು ಮಾತ್ರ ಅವರಷ್ಟೇ ಆಗುತ್ತದೆ. 334 ಎಂಜಿನ್ನಿಗೆ ನಮ್ಮ ಸುತ್ತಮುತ್ತ ಓಡಲು ಜಾಗವೇ ಇಲ್ಲ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದೇ ನನಗೆ ಕಟ್ಟಿದ. ನಿಯಮಕ್ಕೆ ತಕ್ಕಂತೆ ಮತ್ತೆ ಕಟ್ಟಿಸಲು, ಅಂದರೆ ಹೊಸ ಕ್ರ್ಯಾಂಕ್, ರಾಡ್, ಪಿಸ್ಟನ್, ಕೂಲಿ, ಮರುಪರೀಕ್ಷೆ ಎಲ್ಲ ಸೇರಿ, 6,800 ಡಾಲರ್ ಆಗುತ್ತದೆಂದು ಒಬ್ಬ ಎಂಜಿನ್ ಬಿಲ್ಡರ್ ಹೇಳಿದ್ದಾರೆ. ಎರಡನ್ನೂ ಕೂಡಿಸಿ ನೋಡಿ. ಕೈಗೆಟುಕುವ ವರ್ಗ ಎಂದು ಬಂದವನಿಗೆ ಬಿದ್ದ ಲೆಕ್ಕ 18,300.

ಆದ್ದರಿಂದ ಎಂಜಿನ್ನನ್ನು ತಲೆಕೆಳಗು ಮಾಡಿಸಿಯೇ ನೋಡಿ. ಎಣ್ಣೆ ಚೆಲ್ಲಿದರೆ ಚೆಲ್ಲಲಿ, ನೀವೇ ಒರೆಸಿಕೊಡಿ. ಸೀಲಿನ ಸಂಖ್ಯೆಯನ್ನು, ಅದನ್ನು ಹಾಕಿದವರಿಗೇ ಫೋನ್ ಮಾಡಿ ವಿಚಾರಿಸಿ. ಮಾರುವವನು ಕೊಟ್ಟ ಕಾಗದ ಸಾಲದು. ಹಣ ಕೊಡುವ ಮೊದಲು ಗಾತ್ರ ಅಳೆಸಿ, ಒಂದು ಗಂಟೆಯ ಕೆಲಸ ಅದು. ಒಪ್ಪದವನ ಗ್ಯಾರೇಜಿನಿಂದ ಎದ್ದು ಬನ್ನಿ. ರಸೀದಿಯಲ್ಲಿ 305 ಎಂದು, ಸೀಲಿನ ಸಂಖ್ಯೆಯೊಂದಿಗೆ, ಅವನ ಕೈಬರಹದಲ್ಲೇ ಬರೆಸಿಕೊಳ್ಳಿ. ಮತ್ತು ಯಾರಾದರೂ ನಿಮ್ಮ ಮಗುವಿಗೆ ಉಡುಗೊರೆ ಕೊಟ್ಟರೆ, ವ್ಯಾಪಾರ ಮುಗಿಯುವವರೆಗೆ ಅದನ್ನು ಮುಟ್ಟಬೇಡಿ.

ಪೆನ್ಸಿಲ್ವೇನಿಯಾದಲ್ಲಿ 12,000 ಡಾಲರಿನವರೆಗಿನ ವ್ಯಾಜ್ಯವನ್ನು ಮ್ಯಾಜಿಸ್ಟೀರಿಯಲ್ ಡಿಸ್ಟ್ರಿಕ್ಟ್ ನ್ಯಾಯಾಧೀಶರ ಮುಂದೆ ವಕೀಲರಿಲ್ಲದೆಯೂ ಹೂಡಬಹುದು. ನಾನು ಹೂಡಿದ್ದೇನೆ. ಜಾಹೀರಾತಿನ ಚಿತ್ರವನ್ನು ನನ್ನ ಹೆಂಡತಿ ಅಂದೇ ಫೋನಿನಲ್ಲಿ ಉಳಿಸಿಕೊಂಡಿದ್ದಳು; ಅದರಲ್ಲಿ 305 ಎಂಬ ಅಂಕಿ ಸ್ಪಷ್ಟವಾಗಿದೆ, ಸದ್ಯಕ್ಕೆ ನನ್ನ ಬಳಿ ಇರುವ ಬಲ ಅದೊಂದೇ. ವಿಚಾರಣೆ ಮುಂದಿನ ತಿಂಗಳು. ಆ ಕೈಗವಸುಗಳನ್ನೂ ತೆಗೆದುಕೊಂಡು ಹೋಗಿ ಅವನಿಗೆ ಹಿಂದಿರುಗಿಸಬೇಕೆಂದು ಮಗ ಹೇಳಿದ್ದಾನೆ. ಎಂಜಿನ್ ಪಕ್ಕದಲ್ಲೇ ಇಟ್ಟಿದ್ದಾನೆ, ಆ ರಾತ್ರಿಯ ಮಣ್ಣು ಇನ್ನೂ ಅವುಗಳ ಮೇಲೆ ಹಾಗೆಯೇ ಇದೆ.