ಜೆಟ್ಟಿಯಿಂದ ಮೀನು ಮೇಲೆತ್ತಲು: ಇಳಿಬಲೆಯೋ, ಗ್ಯಾಫೋ, ಬರೀ ದಾರವೋ?

ಜೆಟ್ಟಿಯ ಮೇಲೆ ನಿಂತು ಗಾಳ ಹಾಕುವವರಿಗೆ ಮೀನು ಕಚ್ಚುವುದು ಅರ್ಧ ಕೆಲಸ ಮಾತ್ರ. ನೀರು ಕಾಲ ಕೆಳಗೆ ಐದಾರು ಮೀಟರ್ ದೂರದಲ್ಲಿರುತ್ತದೆ. ದಡದವರ ಹಾಗೆ ಅಲೆಯ ಜೊತೆ ಮರಳಿಗೆ ಎಳೆದುಕೊಳ್ಳಲು ಬರುವುದಿಲ್ಲ, ದೋಣಿಯವರ ಹಾಗೆ ಬಗ್ಗಿ ಕೈಬಲೆ ಹಿಡಿಯಲೂ ಬರುವುದಿಲ್ಲ. ಉಳಿಯುವುದು ಮೂರು ದಾರಿ: ಗಾಳದ ದಾರದಲ್ಲೇ ಎತ್ತುವುದು, ಹಗ್ಗಕ್ಕೆ ಕಟ್ಟಿದ ಗ್ಯಾಫ್ ಎಂಬ ಕೊಕ್ಕೆಗೊಂಚಲು ಇಳಿಸಿ ಚುಚ್ಚಿ ಎತ್ತುವುದು, ದೊಡ್ಡ ಬಳೆಗೆ ಹೆಣೆದ ಬಲೆಯನ್ನು ಹಗ್ಗದಲ್ಲಿ ಇಳಿಸಿ ಎತ್ತುವುದು. ಮೂರನ್ನೂ ಬಳಸಿದ್ದೇನೆ. ನನ್ನ ಓಟು ಇಳಿಬಲೆಗೆ. ಅದಕ್ಕೆ ಇನ್ನೊಬ್ಬರ ಕೈ ಬೇಕು, ಜೆಟ್ಟಿಯಲ್ಲಿ ಆ ಕೈ ಸಿಗುತ್ತದೆ.

ಮೊದಲು ದಾರದ ಮಾತು. ನೀರೊಳಗೆ ಮೀನಿನ ತೂಕವನ್ನು ನೀರೇ ಹೊತ್ತಿರುತ್ತದೆ. ನೀರು ಬಿಟ್ಟ ಕ್ಷಣ ಪೂರ್ತಿ ತೂಕ ದಾರದ ಮೇಲೆ ಬೀಳುತ್ತದೆ, ಜೊತೆಗೆ ಒದ್ದಾಟದ ಜಗ್ಗು ಬೇರೆ. 15 ಪೌಂಡಿನ ದಾರ ಲೆಕ್ಕದಲ್ಲಿ 6.8 ಕಿಲೋ ತಡೆಯಬೇಕು, ಆದರೆ ಗಂಟು ಹಾಕಿದ ಕಡೆ, ಕಂಬಕ್ಕೆ ಉಜ್ಜಿದ ಕಡೆ ಅಷ್ಟು ಬಲ ಇರುವುದಿಲ್ಲ. ಅಂಥ ದಾರದಲ್ಲಿ ಒಂದೂವರೆ ಕಿಲೋ ಮೀರಿದ ಮೀನನ್ನು ನಾನು ಎತ್ತುವುದಿಲ್ಲ. ಬಾಯಿ ಮೆತ್ತಗಿರುವ ಮೀನಾದರೆ ದಾರ ತಡೆದರೂ ತುಟಿ ಹರಿದು ಕೆಳಗೆ ಬೀಳುತ್ತದೆ. ಎತ್ತುವಾಗ ಕೋಲನ್ನು ಆಕಾಶಕ್ಕೆ ನೆಟ್ಟಗೆ ನಿಲ್ಲಿಸಬಾರದು. ಭಾರವೆಲ್ಲ ತುದಿಯ ತೆಳು ಭಾಗಕ್ಕೆ ಹೋಗಿ ಕಾರ್ಬನ್ ಕೋಲು ಅಲ್ಲೇ ಮುರಿಯುತ್ತದೆ. ತುದಿಯನ್ನು ನೀರಿನತ್ತ ಬಗ್ಗಿಸಿ ರೀಲು ಸುತ್ತಿ. ಹೆಣೆದ ದಾರವನ್ನು ಎಂದೂ ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಕುಯ್ದುಬಿಡುತ್ತದೆ.

ಗ್ಯಾಫ್ ಎಂದರೆ ಮೂರ್ನಾಲ್ಕು ದೊಡ್ಡ ಕೊಕ್ಕೆಗಳನ್ನು ಒಂದೇ ಕಾಂಡಕ್ಕೆ ಬೆಸೆದು ಸೀಸದ ತೂಕ ಕೊಟ್ಟದ್ದು. ಚೀಲದ ಮೂಲೆಯಲ್ಲಿ ಹಿಡಿಯುತ್ತದೆ, ಗಾಳಿಗೆ ಅಲುಗುವುದಿಲ್ಲ, ಸೆಳೆತದಲ್ಲೂ ಹೇಳಿದಲ್ಲಿಗೆ ಇಳಿಯುತ್ತದೆ. ಬಲೆಗೆ ಹಿಡಿಸದ ದೊಡ್ಡ ಮೀನಿಗೆ ಇದೇ ಗತಿ. ಆದರೆ ಚುಚ್ಚಿದ ಮೇಲೆ ಮೀನನ್ನು ವಾಪಸ್ ಬಿಡುವ ಮಾತಿಲ್ಲ. ಅಳತೆಗೆ ಸಣ್ಣದು, ಬಿಡಬೇಕಾದ ಜಾತಿ ಎಂಬುದು ಮೇಲೆ ಬಂದ ಮೇಲೆ ತಿಳಿದರೆ ಏನು ಮಾಡುವುದು? ಕೊಕ್ಕೆ ಗಾಳದ ದಾರಕ್ಕೆ ಸಿಕ್ಕರೆ ದಾರವೂ ಹೋಯಿತು, ಮೀನೂ ಹೋಯಿತು. ಕೆಲವು ಜೆಟ್ಟಿಗಳಲ್ಲಿ ಗ್ಯಾಫ್‌ಗೆ ನಿಷೇಧವಿದೆ, ಬೋರ್ಡು ನೋಡಿಕೊಳ್ಳಿ.

ಇನ್ನು ಇಳಿಬಲೆ. ಬಳೆ 80ರಿಂದ 90 ಸೆಂಟಿಮೀಟರ್ ಅಗಲ ಇರಲಿ. ಗಂಟಿಲ್ಲದ ಹೆಣಿಗೆಗೆ ರಬ್ಬರ್ ಲೇಪ ಇದ್ದರೆ ಗಾಳ ಬೇಗ ಬಿಡಿಸಲು ಬರುತ್ತದೆ, ಮೀನಿನ ಮೈಲೋಳೆಯೂ ಉಳಿಯುತ್ತದೆ. ಮಡಚುವ ಬಳೆ ಸಾಗಿಸಲು ಸುಲಭ, ಕೀಲಿಗೆ ಉಪ್ಪು ಹಿಡಿಯದಂತೆ ನೋಡಿಕೊಂಡರೆ ಸಾಕು.

ಹೊಸ ಇಳಿಬಲೆಯಲ್ಲಿ ಒಂದು ಕಾಟ ಇದ್ದೇ ಇರುತ್ತದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಳೆ ಲೋಹದ್ದು, ಬೇಗ ಮುಳುಗುತ್ತದೆ. ಹೆಣಿಗೆ ಹಗುರ, ನೀರಿನ ತಡೆಗೆ ಮೇಲಕ್ಕೆ ಉಬ್ಬಿ ಬಳೆಯೊಳಗಿಂದ ಹೊರಬಂದು ತಲೆಕೆಳಗಾಗುತ್ತದೆ. ಮೇಲಿಂದ ನೋಡುವವರಿಗೆ ಬಲೆ ಸರಿಯಾಗಿ ಕೂತಂತೆಯೇ ಕಾಣುತ್ತದೆ. ಮೀನನ್ನು ಅದರ ಮೇಲೆ ತಂದು ಎತ್ತಿದರೆ ಚೀಲದ ಬದಲು ಗುಡ್ಡ ಎದುರಾಗುತ್ತದೆ, ಮೀನು ಬದಿಯಿಂದ ಜಾರಿ ಕಂಬದ ಸಂದಿಗೆ ನುಗ್ಗುತ್ತದೆ. ಅಲ್ಲಿ ಅಂಟಿರುವ ಚಿಪ್ಪುಗಳು ಬ್ಲೇಡಿನಷ್ಟು ಹರಿತ, ದಾರ ಅರೆಕ್ಷಣವೂ ನಿಲ್ಲದು.

ಇದಕ್ಕೆ ಪರಿಹಾರ ಹೆಣಿಗೆಯ ತಳದ ನಟ್ಟನಡುವೆ 150ರಿಂದ 200 ಗ್ರಾಂ ಸೀಸದ ಗುಂಡು. ನಡುವೆ ತೂತಿರುವ ಮೊಟ್ಟೆಯಾಕಾರದ್ದೇ ಬೇಕು. ಮೂಲೆಗಳಿರುವ ಗುಂಡು ಎತ್ತುವಾಗ ಮೀನಿಗೂ ಬಡಿಯುತ್ತದೆ, ಬಲೆಯ ಕಣ್ಣನ್ನೂ ಸವೆಸುತ್ತದೆ. ನಾಲ್ಕೈದು ಕಣ್ಣು ಒಟ್ಟಿಗೆ ಹಿಡಿದು ಎರಡು ಕೇಬಲ್ ಟೈ ಬಿಗಿಯಿರಿ, ತುದಿಯನ್ನು ಬುಡಕ್ಕೇ ಕತ್ತರಿಸಿ. ಚೂಪು ಉಳಿದರೆ ಬಲೆ ಮಡಚುವವರ ಕೈ ಗೀರುತ್ತದೆ. ರಬ್ಬರ್ ಲೇಪದ ಹೆಣಿಗೆ ತಾನೇ ಭಾರವಿರುವುದರಿಂದ 100 ಗ್ರಾಂ ಸಾಕಾಗಬಹುದು. ನೀರಿಗೆ ಒಮ್ಮೆ ಇಳಿಸಿ ನೋಡಿ ತೂಕ ಗಟ್ಟಿಮಾಡಿ.

ಇನ್ನೊಂದು ತೊಂದರೆ ಬಲೆ ಗಿರಗಿರ ತಿರುಗುವುದು. ಹುರಿ ಹಾಕಿದ ಹಗ್ಗಕ್ಕೆ ಭಾರ ಬಿದ್ದಾಗ ಹುರಿ ಬಿಚ್ಚಿಕೊಳ್ಳುತ್ತದೆ, ಕೆಳಗಿನ ಬಲೆ ಅದರ ಜೊತೆ ಸುತ್ತುತ್ತದೆ, ಗಾಳದ ದಾರ ಹಗ್ಗಕ್ಕೆ ತೊಡರುತ್ತದೆ. 8ರಿಂದ 10 ಮಿಲಿಮೀಟರ್ ದಪ್ಪದ ಹೆಣೆದ ಹಗ್ಗ ತೆಗೆದುಕೊಳ್ಳಿ. ಅದಕ್ಕಿಂತ ತೆಳುವಾದರೆ ಒದ್ದೆ ಕೈಗೆ ಹಿಡಿತ ಸಿಗುವುದಿಲ್ಲ. ಬಳೆಗೆ ಸಮ ಅಂತರದಲ್ಲಿ ಮೂರು ಎಳೆ ಕಟ್ಟಿ, ಮೂರೂ ಸೇರುವಲ್ಲಿ ಸ್ವಿವೆಲ್, ಅಂದರೆ ಎರಡು ತುದಿಯೂ ಬೇರೆಬೇರೆಯಾಗಿ ತಿರುಗುವ ಕೊಂಡಿ, ಹಾಕಿ. ಎರಡೇ ಎಳೆ ಇದ್ದರೆ ಬಳೆ ಓರೆಯಾಗಿ ಮೀನನ್ನು ಚೆಲ್ಲಿಬಿಡುತ್ತದೆ. ಪಾಲಿಪ್ರೊಪಿಲೀನ್ ಹಗ್ಗ ಅಗ್ಗ, ಆದರೆ ಬಿಸಿಲಿಗೆ ಪುಡಿಯಾಗುತ್ತದೆ. ನೀರಿನ ಮೇಲೆ ತೇಲಿ ಪಕ್ಕದವರ ದಾರಕ್ಕೂ ಸುತ್ತಿಕೊಳ್ಳುತ್ತದೆ.

ಹಗ್ಗದ ಉದ್ದವನ್ನು ಇಳಿತದ ನೀರಿಗೆ ಲೆಕ್ಕ ಹಾಕಿ. ಕಂಬಿಯಿಂದ ನೀರಿಗೆ ಪೂರ್ತಿ ಇಳಿತದಲ್ಲಿ 7 ಮೀಟರ್ ಇದ್ದರೆ 10 ಮೀಟರ್ ಹಗ್ಗ ಬೇಕು. ಉಬ್ಬರದ ಹೊತ್ತಿಗೆ ಸಾಕಾದ ಹಗ್ಗ ಆರು ತಾಸಿನ ಬಳಿಕ ನೀರನ್ನೇ ಮುಟ್ಟದೆ ನೇತಾಡೀತು. ಪ್ರತಿ ಮೀಟರಿಗೂ ಬಣ್ಣದ ಟೇಪ್ ಸುತ್ತಿ: ಬಲೆ ಇಳಿಸುವವರು ನಿಮ್ಮ ಗುರುತಿನವರೇ ಆಗಬೇಕಿಲ್ಲ, ಮೊದಲ ಸಲ ಆ ಹಗ್ಗ ಮುಟ್ಟುವವರಿಗೂ ಎಷ್ಟು ಬಿಟ್ಟೆವು ಎಂದು ತಿಳಿಯಬೇಕು.

ಬಲೆಯ ನಿಜವಾದ ಬಲ ಇಲ್ಲೇ. ಒಬ್ಬರ ಕೋಲು ಬಿಲ್ಲಾಗಿ ಬಗ್ಗಿತೆಂದರೆ ಪಕ್ಕದ ನಾಲ್ಕು ಜನ ಕೇಳದೆಯೇ ತಮ್ಮ ದಾರ ಸುತ್ತಿಕೊಂಡು ಜಾಗ ಮಾಡುತ್ತಾರೆ, ಐದನೆಯವರು ಬಲೆ ಬಿಚ್ಚುತ್ತಿರುತ್ತಾರೆ. ಆ ಸಹಾಯ ಕೆಡದಂತೆ ಕೆಲಸ ಹಂಚಿಕೊಳ್ಳಬೇಕು. ಬಲೆಯವರು ಮೊದಲು ಹಗ್ಗದ ತುದಿಯನ್ನು ಕಂಬಿಗೆ ಕಟ್ಟಲಿ, ಆಮೇಲೆ ಇಳಿಸಲಿ. ಸೆಳೆತ ಬರುವ ಕಡೆಗೆ ಎರಡು ಹೆಜ್ಜೆ ಸರಿದು ನಿಂತರೆ ಬಲೆ ತಾನಾಗಿ ತೇಲಿಕೊಂಡು ಗಾಳದವರ ಕೆಳಗೆ ಬರುತ್ತದೆ. ಬಳೆ ನೀರಿನಡಿ ಒಂದು ಮೊಳ ಮುಳುಗಿ ಅಲ್ಲೇ ನಿಲ್ಲಲಿ. ಬಲೆಯನ್ನು ಮೀನಿನ ಹಿಂದೆ ಓಡಿಸಬಾರದು, ದಣಿದ ಮೀನನ್ನು ಗಾಳದವರೇ ಬಲೆಯ ಮೇಲೆ ತಲೆ ಮೊದಲಾಗಿ ತರಬೇಕು. ಮಾತಾಡುವವರು ಒಬ್ಬರೇ ಇರಲಿ. "ಎತ್ತಿ" ಎಂದ ಮೇಲೆ ಗಾಳದವರು ದಾರ ಸಡಿಲ ಬಿಡಬೇಕು, ಇಲ್ಲದಿದ್ದರೆ ಕೋಲಿನ ಎಳೆತಕ್ಕೆ ಬಳೆ ವಾಲುತ್ತದೆ. ಹಗ್ಗವನ್ನು ಕಂಬಿಗೆ ಉಜ್ಜದೆ, ಕೈ ಮೇಲೆ ಕೈ, ನಿಲ್ಲಿಸದೆ ಎತ್ತಬೇಕು.

ಮೂರು ಮೊನೆಯ ಗಾಳ ಬಲೆಗೆ ಸಿಕ್ಕಿಕೊಂಡರೆ ಬಲೆ ಕತ್ತರಿಸಬೇಡಿ, ಗಾಳದ ಮೊನೆಯನ್ನೇ ಕಟಿಂಗ್ ಪ್ಲೇಯರ್‌ನಿಂದ ಕತ್ತರಿಸಿ. ಎರವಲು ತಂದ ಬಲೆಯಾದರೆ ಲೋಳೆ ತೊಳೆದು, ಹಗ್ಗ ಸುರುಳಿ ಸುತ್ತಿ, ನಿಮ್ಮ ಮೀನಿನ ಫೋಟೋ ತೆಗೆಯುವ ಮುಂಚೆಯೇ ಮಾಲೀಕರ ಕೈಗೆ ಕೊಡಿ. ಮುಂದಿನ ಮೀನು ಅವರದ್ದೇ ಇರಬಹುದು.

ತೊರಕೆ ಎಂಬ ಚಪ್ಪಟೆ ಮೀನಿಗೆ ಮಾತ್ರ ಬಲೆ ಹಿತವಲ್ಲ. ಬಾಲದ ಮುಳ್ಳು ಹೆಣಿಗೆಗೆ ತೊಡರಿ ಬಿಡಿಸುವವರ ಕೈಗೆ ಅಪಾಯ.

ನಾನು ಹೆಚ್ಚಾಗಿ ಹಗಲಲ್ಲಿ, ಜನ ಇರುವ ಜೆಟ್ಟಿಗೆ ಹೋಗುವವನು, ಎರಡರಿಂದ ಐದು ಕಿಲೋ ಮೀನಿಗೆ ಗಾಳ ಹಾಕುವವನು. ಆ ಲೆಕ್ಕಕ್ಕೆ ಬಲೆಯೇ ಸರಿ, ಗ್ಯಾಫ್ ಮನೆಯಲ್ಲೇ ಇರುತ್ತದೆ. ಕೈಯಲ್ಲಿ ಹಣ ಕಡಿಮೆ ಇದ್ದರೆ ನಿತ್ಯ ಜೊತೆ ನಿಲ್ಲುವ ಮೂವರು ಸೇರಿ ಒಂದು ಒಳ್ಳೆ ಬಲೆ ಕೊಳ್ಳಿ, ಮೂರು ಕಳಪೆ ಬಲೆ ಬೇಡ. ಬಂಗುಡೆ ಗಾತ್ರದ ಮೀನಷ್ಟೇ ಹಿಡಿಯುವವರಿಗೆ ಬಲೆಯ ಖರ್ಚೇ ಬೇಡ, ದಾರ ಸಾಕು. ರಾತ್ರಿ ಒಬ್ಬರೇ ನಿಲ್ಲುವವರು ಮೀನು ಕಚ್ಚುವ ಮೊದಲೇ ಬಲೆ ಬಿಚ್ಚಿ, ಹಗ್ಗದ ತುದಿ ಕಂಬಿಗೆ ಕಟ್ಟಿ, ಕೈಗೆಟುಕುವಲ್ಲಿ ಇಟ್ಟುಕೊಳ್ಳಿ. ಆಮೇಲೆ ಒಂದು ಕೈಯಲ್ಲಿ ಬಿಚ್ಚಲು ಆಗುವುದಿಲ್ಲ.